ಒಂದೇ ಗೀರಿನ ಕೀಲಿ

ಅಲೆಮಾರಿಗಳನ್ನು ಒಂದು ಕಡೆ ನಿಲ್ಲಿಸಬೇಕು ಅಂತ ಸರ್ಕಾರ ಎಷ್ಟೋ ವರ್ಷದಿಂದ ಯೋಜನೆ ಹಾಕುತ್ತಲೇ ಇದೆ. ಸಮಿತಿ ಆಯಿತು, ಶಿಬಿರ ಆಯಿತು, ಮಂತ್ರಿಯೊಬ್ಬರು ಬಂದು ಡೇರೆಯ ಮುಂದೆ ಫೋಟೋ ತೆಗೆಸಿಕೊಂಡೂ ಹೋದರು. ಅವರ್ಯಾರಿಂದಲೂ ಆಗದ ಕೆಲಸವನ್ನು ಕೊನೆಗೆ ಒಂದು ಗುಂಪು ದೊಣ್ಣೆ, ಪೆಟ್ರೋಲು ಹಿಡಿದು ಬಂದು ಮಾಡಿ ಮುಗಿಸಿತು. ಕೀಲಿಯಕ್ಕನ ಕುಟುಂಬ ಈ ಊರಲ್ಲಿ ನಿಂತುಬಿಟ್ಟಿತು.

ಅವರ ಡೇರೆ ಬಸ್ ಡಿಪೋದ ಹಿಂದಿನ ಗೋಡೆಗೆ ಒತ್ತಿಕೊಂಡಿತ್ತು. ಪಕ್ಕದಲ್ಲೇ ನಮ್ಮ ಧರಣಿಯ ಡೇರೆ. ಓಟಿನ ಎಣಿಕೆಯ ಸಂಜೆಯಿಂದ ಕಾಣೆಯಾದವರು ಎಲ್ಲಿ ಹೇಳಿ ಅಂತ ನಾವು ಕೂತಿದ್ದೆವು. ಕಚೇರಿಯ ಮುಂದೆ ಕೂರಲು ಬಿಡದೆ, ಯಾವ ಅಧಿಕಾರಿಯ ಕಣ್ಣಿಗೂ ಬೀಳದ ಈ ಜಾಗಕ್ಕೆ ಪೊಲೀಸರೇ ತಂದು ಕೂರಿಸಿದ್ದರು. ಎರಡೂ ಡೇರೆ ಒಂದೇ ಥರ ಸೋರುತ್ತಿದ್ದವು. ನಮ್ಮದಕ್ಕೆ ಬ್ಯಾನರ್ ಇತ್ತು, ಅಷ್ಟೇ ವ್ಯತ್ಯಾಸ. "ಇನ್ನೊಂದು ಬ್ಯಾನರ್ ಇದ್ರೆ ಕೊಡ್ರಪ್ಪ, ತೂತು ಮುಚ್ಚೋಕೆ ಆಗುತ್ತೆ" ಅಂತ ಕೀಲಿಯಕ್ಕ ನಾವು ಕೂತ ಮೊದಲ ದಿನವೇ ಬಂದು ಕೇಳಿದಳು. ಕೊಟ್ಟೆವು. ನ್ಯಾಯ ಬೇಕು ಅನ್ನುವ ದಪ್ಪಕ್ಷರ ಒಳಮುಖವಾಗಿ ಅವರ ತಲೆಯ ಮೇಲೆ ಕೂತಿತು. ಓದು ಬರುವವರು ಆ ಡೇರೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ತೊಂದರೆಯೂ ಇರಲಿಲ್ಲ.

ಊರೂರು ತಿರುಗಿ ಬೀಗಗಳಿಗೆ ಕೀಲಿ ಮಾಡಿಕೊಡುವುದು ಅವರ ಕಸುಬು. ಮುದುಕ ಮಾವ, ಗಂಡ, ಮೈದುನ, ಮೈದುನನ ಹೆಂಡತಿ ಮಕ್ಕಳು, ಒಂದು ತಳ್ಳುಗಾಡಿ. ದೊಡ್ಡ ಕಬ್ಬಿಣದ ಬಳೆಗೆ ನೂರೆಂಟು ಹಳೇ ಕೀಲಿ ಪೋಣಿಸಿ ಝಣಝಣ ಅನ್ನಿಸುತ್ತಾ ಬೀದಿಗೆ ಬರುತ್ತಾರೆ. ಕೀಲಿ ಕಳೆದುಕೊಂಡವರು ಕರೆಯುತ್ತಾರೆ. ಹಲ್ಲಿಲ್ಲದ ಹೊಸ ಕೀಲಿಯನ್ನು ಬೀಗದೊಳಗೆ ತೂರಿಸಿ ಅಲ್ಲಾಡಿಸುವುದು, ಹೊರಗೆ ತೆಗೆದು ಎಲ್ಲಿ ಕಚ್ಚಿದೆ ನೋಡಿ ಅಲ್ಲಿ ಅರ ಹಾಕುವುದು, ಮತ್ತೆ ತೂರಿಸುವುದು. ಕೀಲಿ ಕೂತುಕೊಳ್ಳುವವರೆಗೂ ಇದೇ.

ಅವರಲ್ಲಿ ಎರಡು ಪದ್ಧತಿ ಇದ್ದವು. ಒಂದು, ಗೀರು. ಕೀಲಿಯ ತಲೆಯ ಎಡ ಅಂಚಿಗೆ ಓರೆಯಾಗಿ ಒಂದು ಗೀರು ಹಾಕಿ ಕೆಲಸ ಶುರು ಮಾಡುತ್ತಾರೆ. ಬಾಗಿಲು ತೆರೆದು, ಮನೆಯವರು ಕೀಲಿಯನ್ನು ಕೈಗೆ ತಗೊಂಡ ಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು. ಎರಡು ಗೀರು ಬಿದ್ದರೆ ಕೆಲಸ ಮುಗಿಯಿತು ಅಂತ. ಎಡ ಅಂಚು ಈ ಕುಟುಂಬದ್ದು, ಬೇರೆ ಕುಟುಂಬದವರು ಬೇರೆ ಕಡೆ ಹಾಕುತ್ತಾರೆ. ಇನ್ನೊಂದು ಪದ್ಧತಿ, ಕೂಗು. ಕೀಲಿ ತಯಾರಾದ ಮೇಲೆ, ತಿರುಗಿಸುವ ಮುಂಚೆ, ಬಾಗಿಲಿಗೆ ಮುಖ ಕೊಟ್ಟು ಜೋರಾಗಿ ಕೂಗಬೇಕು: "ಮನೆಯವ್ರೇ, ಕೀಲಿ ತಿರುಗಿಸ್ತಿದೀನಿ. ಒಳಗಿದ್ರೆ ಓಗೊಡಿ." ಮನೆ ಖಾಲಿ ಅಂತ ಗೊತ್ತಿದ್ದರೂ ಕೂಗಬೇಕು. "ನಮ್ಮ ಕೈಗೆ ಎಂಥ ಬೀಗ ಆದ್ರೂ ಬಗ್ಗುತ್ತೆ. ಕೂಗದೆ ತೆಗೆದ್ರೆ ನಮಗೂ ಕಳ್ಳನಿಗೂ ಏನು ವ್ಯತ್ಯಾಸ?" ಅಂತ ಕೀಲಿಯಕ್ಕ ಹೇಳುತ್ತಿದ್ದಳು.

ಈ ಕೂಗಿನಿಂದಲೇ ಅವಳ ಗಂಡನಿಗೆ 'ಗಂಟಲು' ಅಂತ ಹೆಸರು ಬಿದ್ದಿತ್ತು. ದೇವರು ಅವನಿಗೆ ಮೈ ಕೊಡುವಾಗ ಜಿಪುಣತನ ಮಾಡಿ, ಉಳಿಸಿದ್ದನ್ನೆಲ್ಲ ಗಂಟಲಿಗೆ ಸುರಿದಿದ್ದ. ಅವನು ಒಂದು ಬಾಗಿಲ ಮುಂದೆ ಕೂಗಿದರೆ ಆಚೆ ಬೀದಿಯವರೂ ಓಗೊಡುತ್ತಿದ್ದರು. ಊರಿಗೆ ಊರೇ ಅವನ ದನಿ ಗುರುತಿಸುತ್ತಿತ್ತು.

ಆ ಗುಂಪು ಮಾಡಿದ್ದಕ್ಕೆ ಗಲಭೆ ಅನ್ನುವುದು ಪತ್ರಿಕೆಯವರ ಮಾತು. ಗಲಭೆ ಅಂದರೆ ಎರಡೂ ಕಡೆಯವರು ಹೊಡೆದಾಡಿದ ಹಾಗೆ ಕೇಳಿಸುತ್ತೆ. ಇಲ್ಲಿ ಆದದ್ದು ಇಷ್ಟು. ಓಟಿನ ಎಣಿಕೆ ಮುಗಿದ ಸಂಜೆ ಗೆದ್ದವರ ಮೆರವಣಿಗೆ, ಸೋತವರಿಗೆ ಓಟು ಹಾಕಿದ ಬೀದಿಗಳಿಗೆ ನುಗ್ಗಿತು. ಯಾವ ಮನೆ ಯಾರದು ಅಂತ ಮೊದಲೇ ಗೊತ್ತಿತ್ತು. ಜೀವ ಇದ್ದವರು ಓಡಿದರು. ಓಡಿದವರ ಮನೆಗೆ ಬೇರೆಯವರು ಸೇರಿಕೊಂಡರು. ರಾಜಕೀಯ ಅಂತ ಶುರುವಾದದ್ದು ಕೊನೆಗೆ ಎರಡು ಕೋಣೆ, ಒಂದು ನಲ್ಲಿಗೆ ಬಂದು ನಿಂತಿತು. ಮುಕ್ಕಾಲು ಪಾಲು ರಾಜಕೀಯ ಹಾಗೇ ನಿಲ್ಲುವುದು.

ಕರ್ಫ್ಯೂ ಸಡಿಲಿಸಿದ ಬೆಳಿಗ್ಗೆ ಸ್ಕೂಟರಿನಲ್ಲಿ ಇಬ್ಬರು ಡೇರೆಗೆ ಬಂದರು. ಒಂದು ಬೀಗ ತೆಗೆಯೋದಿದೆ, ಬಾ ಅಂದರು. ಮುದುಕ ಬೇಡ ಅಂದ. ಗಂಟಲು ಅರ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, ಬಳೆಯನ್ನು ಹೆಂಡತಿಯ ಕೈಗೆ ಕೊಟ್ಟ. ಸ್ಕೂಟರಿನಲ್ಲಿ ಮೂರು ಜನ, ಬಳೆಗೆ ಜಾಗ ಇರಲಿಲ್ಲ. "ಬಂದೆ, ಒಲೆ ಹಚ್ಚಿರು" ಅಂದ. ಅವಳು ಹಚ್ಚಿದಳು. ಅವನು ಬರಲಿಲ್ಲ.

ಠಾಣೆಗೆ ಹೋದಳು. ಮೇಜಿನ ಹಿಂದೆ ಕೂತಿದ್ದ ಪೇದೆ ಕೇಳಿದ:

"ಖಾಯಂ ವಿಳಾಸ?"

"ಇಲ್ಲ ಸ್ವಾಮಿ. ತಿರುಗೋರು ನಾವು."

"ಮತ್ತೆ? ಕಾಣೆಯಾಗೋದೇ ನಿಮ್ಮ ಕಸುಬಲ್ವೇನಮ್ಮ? ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಯಾವಳ ಜೊತೆಗೋ ಹೋಗಿರ್ತಾನೆ."

"ಅವನ ಗಂಟಲು ಕೇಳಿದ್ರೆ ಯಾವಳೂ ಹತ್ರ ಸೇರಿಸಲ್ಲ ಸ್ವಾಮಿ. ನಾನೇ ಕಿವೀಲಿ ಹತ್ತಿ ಇಟ್ಕೊಂಡು ಸಂಸಾರ ಮಾಡಿದೀನಿ."

ಪೇದೆಗೆ ನಗು ಬಂತು. ನಕ್ಕ. ಬರೆದುಕೊಳ್ಳಲಿಲ್ಲ.

ಇಲ್ಲಿಂದ ಅವರ ನಿಂತ ಬಾಳು ಶುರುವಾಯಿತು. ಯಾರಾದರೂ ಸತ್ತರೆ ಮಣ್ಣು ಮಾಡಿ ಮುಂದಕ್ಕೆ ಹೋಗುತ್ತಾರೆ ಅವರು, ಮರುದಿನವೇ. ಆದರೆ ಒಬ್ಬ ಕಾಣೆಯಾದರೆ, ಅವನು ಸತ್ತಿದ್ದಾನೋ ಬದುಕಿದ್ದಾನೋ ತಿಳಿಯುವವರೆಗೂ ಡೇರೆಯ ಗೂಟ ಕೀಳುವ ಹಾಗಿಲ್ಲ. ಹುಡುಕಿಕೊಂಡು ಬಂದವನಿಗೆ ಡೇರೆ ಸಿಗದಿದ್ದರೆ ಅವನು ಲೋಕದಲ್ಲಿ ಎಲ್ಲಿ ಅಂತ ಹುಡುಕುತ್ತಾನೆ? ಅದು ಮುದುಕನ ವಾದ. ಡೇರೆಯ ಬಾಯಿಯನ್ನೂ ಮುಚ್ಚಲು ಬಿಡುತ್ತಿರಲಿಲ್ಲ. ಚಳಿ, ಸೊಳ್ಳೆ, ಡಿಪೋದ ಹೊಗೆ ಎಲ್ಲ ಒಳಗೆ ಬರುತ್ತಿತ್ತು, ಗಂಟಲು ಒಬ್ಬನನ್ನು ಬಿಟ್ಟು.

ತಿರುಗುವವರು ನಿಂತರೆ ಹೊಟ್ಟೆ ನಿಲ್ಲುತ್ತೆ. ಒಂದು ಊರಲ್ಲಿ ಎಷ್ಟು ಕೀಲಿ ಕಳೆದುಹೋದಾವು? ಹತ್ತು ಬೀದಿ ಸುತ್ತಿದರೂ ಕೆಲಸ ಇಲ್ಲ. ಪುರಸಭೆಯವರು ಜಾಗ ಖಾಲಿ ಮಾಡಿ ಅಂತ ಬಂದು ಗಾಡಿಯ ಗಾಲಿ ಕಿತ್ತುಕೊಂಡು ಹೋದರು. ಹೋಗು ಅನ್ನುವವರೇ ಗಾಲಿ ಕಿತ್ತುಕೊಂಡು ಹೋದರೆ ಹೋಗುವುದು ಹೇಗೆ ಅಂತ ನಾವು ಜಗಳ ಆಡಿ ವಾಪಸು ತಂದೆವು. ಮೈದುನನ ಚಿಕ್ಕ ಮಗು ಜ್ವರ ಬಂದು ಕಡ್ಡಿಯಾಯಿತು. ಅವನು ಒಂದು ದಿನ ಗೂಟಕ್ಕೆ ಕೈ ಹಾಕಿಯೇಬಿಟ್ಟ.

"ಅಣ್ಣ ಇಲ್ಲ ಅತ್ತಿಗೆ. ನಿಂಗೂ ಗೊತ್ತು, ನಂಗೂ ಗೊತ್ತು, ಆ ಮುದುಕನಿಗೂ ಗೊತ್ತು. ಸತ್ತವನಿಗಾಗಿ ಇರೋರನ್ನ ಸಾಯಿಸ್ಬೇಕಾ?"

"ಸತ್ತ ಅಂತ ನಿಂಗೆ ಹೇಳಿದ್ಯಾರು?"

"ಬದುಕಿದಾನೆ ಅಂತ ನಿಂಗ್ಯಾರು ಹೇಳಿದ್ರು?"

ಮುದುಕ ಒಳಗಿನಿಂದ, "ಗೂಟ ಕಿತ್ರೆ ಅದರಲ್ಲೇ ನನ್ನ ತಲೆ ಒಡೆದು ಹೋಗು" ಅಂದ. ಮೈದುನ ಕೈ ತೆಗೆದ. ಕೀಲಿಯಕ್ಕ ಆ ಸಂಜೆ ನಮ್ಮ ಡೇರೆಗೆ ಬಂದು ಕೂತಳು. "ಅವನು ಸತ್ತ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕಪ್ಪ, ಅವರ ಕಾಲಿಗೆ ಬೀಳ್ತೀನಿ. ಗಂಡ ಸಾಯ್ಲಿ ಅಂತ ಬೇಡೋ ಹೆಂಗಸು ನಾನೊಬ್ಳೇ ಇರ್ಬೇಕು" ಅಂದಳು.

ಮರುದಿನದಿಂದ ಗಂಡನ ಬಳೆಯನ್ನು ಹೆಗಲಿಗೆ ಹಾಕಿಕೊಂಡು ತಾನೇ ಬೀದಿಗಿಳಿದಳು. ಅವರಲ್ಲಿ ಹೆಂಗಸರು ಡೇರೆಯಲ್ಲಿ ಕೂತು ಅರ ಹಾಕುವುದುಂಟು, ಬಳೆ ಹೊರುವುದಿಲ್ಲ. ಇವಳು ಹೊತ್ತಳು. ಕೂಗುವ ಕೆಲಸಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಇದ್ದ ಕೀಲಿಗೆ ಜೊತೆ ಕೀಲಿ ಮಾಡಿಕೊಡುವುದಷ್ಟೇ. "ಕೀಲಿ ಸಡಿಲ ಆಗಿದ್ರೆ ತೋರಿಸಿ, ಪುಗಸಟ್ಟೆ ನೋಡ್ತೀನಿ" ಅನ್ನುತ್ತಿದ್ದಳು. ಪುಗಸಟ್ಟೆ ಅಂದರೆ ಯಾರು ಬಿಡುತ್ತಾರೆ? ತೋರಿಸುತ್ತಿದ್ದರು. ಅವಳು ನೋಡುತ್ತಿದ್ದದ್ದು ಹಲ್ಲನ್ನಲ್ಲ, ತಲೆಯ ಎಡ ಅಂಚನ್ನು. ಆ ದಿನ ಗಂಡ ಮಾಡಿದ ಕೀಲಿ ಈ ಊರಿನ ಯಾವುದೋ ಮನೆಯ ಮೊಳೆಗೆ ನೇತಾಡುತ್ತಿರಲೇಬೇಕು ಅನ್ನುವುದು ಅವಳ ಲೆಕ್ಕ.

ಕೇಳಿದರೆ ಯಾರಿಗೂ ಏನೂ ಗೊತ್ತಿರಲಿಲ್ಲ. "ಆವಾಗ ನಾವು ಊರಲ್ಲೇ ಇರಲಿಲ್ಲಮ್ಮ." ಅಂಗಡಿಯವನು ಇರಲಿಲ್ಲ, ಮೇಷ್ಟ್ರು ಇರಲಿಲ್ಲ, ಹಾಲಿನವನು ಇರಲಿಲ್ಲ. ಇಡೀ ಊರೇ ಊರಲ್ಲಿರಲಿಲ್ಲ. ಮನೆಗಳು ತಮಗೆ ತಾವೇ ಪೆಟ್ರೋಲು ಸುರಿದುಕೊಂಡಿರಬೇಕು.

"ನಂಗೆ ಇದೇನು ಹೊಸದಲ್ಲ" ಅನ್ನುತ್ತಿದ್ದಳು ಅವಳು, ನಮ್ಮ ಡೇರೆಯಲ್ಲಿ ಟೀ ಕುಡಿಯುತ್ತಾ. "ನಮ್ಮ ದಾರೀಲಿ ಇಂಥ ಊರು ಬೇಕಾದಷ್ಟಿವೆ. ಒಂದೊಂದರದ್ದು ಒಂದೊಂದು ಪದ್ಧತಿ. ಒಂದೂರಲ್ಲಿ ಗೋಡೆಗೆಲ್ಲ ಹೊಸಾ ಬಣ್ಣ ಹೊಡೀತಾರೆ. ಇನ್ನೊಂದೂರಲ್ಲಿ ಬೀದಿ ಹೆಸರೇ ಬದಲಾಯ್ಸಿದ್ರು, ನಾವು ದಾರಿ ತಪ್ಪಿ ಅರ್ಧ ದಿನ ಅಲೆದ್ವಿ. ಆ ನದಿ ದಾಟಿ ಒಂದೂರಿದೆ ನೋಡು, ಅಲ್ಲಿ ಜನ ಸುಟ್ಟ ಜಾಗದಲ್ಲಿ ಪಾಯಿಖಾನೆ ಕಟ್ಟಿಸಿದಾರೆ. ಒಳ್ಳೇ ಪಾಯಿಖಾನೆ, ನೀರಿದೆ. ನಮಗೆ ಬೀದಿ ಹೆಸರು ನೆನಪಿರಲ್ಲ, ಬೀಗ ನೆನಪಿರುತ್ತೆ. ಇಲ್ಲೊಂದು ಹಿತ್ತಾಳೆ ಬೀಗದ ಹಸಿರು ಬಾಗಿಲಿತ್ತಲ್ಲ ಅಂದ್ರೆ, ನಿಂಗೆ ಹುಚ್ಚು, ಇಲ್ಲಿ ಯಾವತ್ತೂ ಬಾಗಿಲೇ ಇರಲಿಲ್ಲ ಅಂತಾರೆ."

ಮೆರವಣಿಗೆ ನುಗ್ಗಿದ ಬೀದಿಯೊಂದರ ಕೊನೆಯಲ್ಲಿ ಒಬ್ಬ ದರ್ಜಿಯ ಮನೆ ಇತ್ತು. ಮುಂದಿನ ಕೋಣೆಯೇ ಅಂಗಡಿ. ವಯಸ್ಸಾದ ತಾಯಿ, ಅವನು, ಒಂದು ಹೊಲಿಗೆ ಯಂತ್ರ. ಗಂಟಲಿಗೂ ಅವನಿಗೂ ದೋಸ್ತಿ. ಇವರ ಡೇರೆಯ ಕ್ಯಾನ್ವಾಸನ್ನು ಹೊಲಿದುಕೊಟ್ಟವನು ಅವನೇ, ಸೂಜಿ ಮುರಿದಾಗೆಲ್ಲ ಗಂಟಲಿನ ವಂಶಕ್ಕೆಲ್ಲ ಬೈಯುತ್ತಾ. ಸೋತ ಪಕ್ಷಕ್ಕೆ ಬಾವುಟ ಹೊಲಿದುಕೊಟ್ಟ ಅನ್ನುವುದು ಅವನ ಮೇಲಿದ್ದ ಆರೋಪ. ಗೆದ್ದವರದ್ದೂ ಅವನೇ ಹೊಲಿದಿದ್ದ, ಅದು ಯಾರಿಗೂ ನೆನಪಾಗಲಿಲ್ಲ. ತಾಯಿಯನ್ನು ಕರೆದುಕೊಂಡು ಊರು ಬಿಟ್ಟ ಅಂತ ಎಲ್ಲರೂ ಹೇಳುತ್ತಿದ್ದರು. ಕೀಲಿಯಕ್ಕನೂ ಹಾಗೇ ತಿಳಿದಿದ್ದಳು. ಅವನಾದರೂ ಬದುಕಿಕೊಂಡನಲ್ಲ ಅಂತ.

ಒಂದು ಮಧ್ಯಾಹ್ನ ಆ ಮನೆಯಿಂದಲೇ ಕರೆ ಬಂತು.

"ಏ ಕೀಲಿಯವಳೇ, ಬಾ ಇಲ್ಲಿ."

ಕರೆದವಳು ಈಗ ಆ ಮನೆಯಲ್ಲಿರುವ ಹೆಂಗಸು. ಒಗೆದ ಬಟ್ಟೆಯ ಬಕೆಟ್ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಗೆ ಬಂದಳು. ಅವಳ ಹಿಂದೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಗೇ ಇತ್ತು. ಅದರ ಮೇಲೆ ಟೀವಿ ಕೂರಿಸಿದ್ದರು.

"ಈ ದರಿದ್ರ ಕೀಲಿ ನೋಡು. ತಿರುಗಿಸೋಕೆ ಒಂದು ಗಂಡಾಳು ಬೇಕು. ಮಗಳು ಕೆಲಸದಿಂದ ಬಂದು, ನಾನು ಬರೋವರೆಗೂ ಮೆಟ್ಟಿಲ ಮೇಲೆ ಕೂತಿರ್ತಾಳೆ, ಭಿಕ್ಷುಕರ ಥರ."

ಕೀಲಿ ನಡುವಿನಲ್ಲಿ ಬಗ್ಗಿತ್ತು. ತಲೆಯ ಎಡ ಅಂಚಿಗೆ ಓರೆ ಗೀರು. ಅಡ್ಡಗೀರು ಇರಲಿಲ್ಲ.

"ವ್ಯಾಪಾರದವಳ ಥರಾನೇ ಕೇಳ್ದೆ" ಅಂತ ಆಮೇಲೆ ನಮಗೆ ಹೇಳಿದಳು.

"ಯಾರಮ್ಮ ಮಾಡಿದ್ದು ಇದನ್ನ?"

"ನಿಮ್ಮೋರೇ ಯಾರೋ. ಬಾಯಿ ದೊಡ್ಡದು, ಕೆಲಸ ಹೀಗೆ."

"ಕೆಲಸ ಚೆನ್ನಾಗೇ ಇದೆ. ಆಮೇಲೆ ಯಾರೋ ಬಗ್ಗಿಸಿದಾರೆ."

"ಯಾರೋ ಏನು, ಅವನೇ. ಸುತ್ತಿಗೇಲಿ ಹೊಡೆದ." ಅಂದವಳು ಬಾಯಿ ಮುಚ್ಚಿಕೊಂಡಳು.

"ತಾನೇ ಮಾಡಿದ ಕೀಲಿಗೆ ತಾನೇ ಯಾಕೆ ಹೊಡೀತಾನೆ?"

"ನಂಗೇನು ಗೊತ್ತು. ಮಾಡ್ತೀಯೋ ಇಲ್ವೋ ಹೇಳು."

"ಅವನು ನನ್ನ ಗಂಡ" ಅಂದಳು ಕೀಲಿಯಕ್ಕ.

ಆ ಹೆಂಗಸು ಬಾಗಿಲು ಹಾಕಿಕೊಳ್ಳಲಿಲ್ಲ. ಹೊಸ್ತಿಲ ಮೇಲೆ ಕೂತಳು. ಬೈಯಲು ಶುರು ಮಾಡಿದಳು. ತಪ್ಪು ಮಾಡಿದವರ ಮನೆಯವರು ಅಳುತ್ತಾರೆ ಅಂತ ನೀವು ತಿಳಿದಿದ್ದರೆ ಅದನ್ನು ಬಿಡಿ, ಬೈಯುತ್ತಾರೆ.

"ನಿನ್ನ ಗಂಡನಿಗೆ ಕೂಗು ಅಂತ ಯಾರು ಹೇಳಿದ್ರು? ಹಾಂ? ನಮ್ಮೋರಿಗೆ ಬೇಕಾಗಿದ್ದು ಮನೆ. ಹೊರಗಡೆ ಬೀಗ, ಮನೆ ಖಾಲಿ ಅಂತಾನೇ ಎಲ್ಲಾರೂ ತಿಳಿದಿದ್ದು. ಟೈಲರ್ ಮನೆಯಲ್ವಾ ಅಂತ ನಿನ್ನ ಗಂಡ ಕೇಳ್ದ. ಊರು ಬಿಟ್ಟ ಅಂದ್ರು. ಸರಿ ಅಂತ ಕೂತು ಅರ ಹಾಕ್ದ. ಕೀಲಿ ಆಯ್ತು. ತಿರುಗಿಸಿ, ಒಂದು ಸಲ ಒಳಗೆ ನೋಡಿ, ಮತ್ತೆ ಬೀಗ ಹಾಕ್ಕೊಂಡು ಹೋಗೋದು, ಅಷ್ಟೇ ಅವತ್ತಿನ ಕೆಲಸ. ಈ ಪುಣ್ಯಾತ್ಮ ಎದ್ದು ನಿಂತು, ಬೀದಿ ನಡುಗೋ ಹಾಗೆ, ಒಳಗಿದ್ರೆ ಓಗೊಡಿ ಅಂತ ಕೂಗ್ದ."

"ಒಳಗಿದ್ರಾ?"

"ಅಟ್ಟದ ಮೇಲೆ. ಅವನೂ, ಅವನ ತಾಯೀನೂ. ಪಕ್ಕದ ಮನೆಯವನು ಹೊರಗಿಂದ ಬೀಗ ಹಾಕಿ ಕೂರಿಸಿದ್ನಂತೆ, ಖಾಲಿ ಮನೆ ಅಂತ ಕಾಣ್ಲಿ ಅಂತ. ಉಸಿರೆತ್ತದೆ ಇದ್ದಿದ್ರೆ ಅಟ್ಟ ಹತ್ತಿ ಯಾರು ನೋಡ್ತಿದ್ರು? ಇವನ ದನಿ ಕೇಳಿ ಆ ಟೈಲರು ಓಗೊಟ್ಟ. 'ಗಂಟಲೂ, ನೀನೇನಾ? ಬಂದ್ಯೇನಪ್ಪಾ' ಅಂದ. ಖುಷಿಯಾಗಿ ಅಂದ. ಬಿಡಿಸಿಕೊಂಡು ಹೋಗೋಕೆ ಬಂದಿದಾನೆ ಅಂತ ತಿಳ್ಕೊಂಡ."

ಕೀಲಿಯಕ್ಕ ಕೀಲಿಯನ್ನೇ ನೋಡುತ್ತಿದ್ದಳು. "ಆಮೇಲೆ?"

"ಆಮೇಲೇನು. ನಿನ್ನ ಗಂಡ ಕೀಲಿ ಕಿತ್ಕೊಂಡು ಈ ಮೆಟ್ಟಿಲ ಮೇಲಿಟ್ಟು ಸುತ್ತಿಗೇಲಿ ಬಡಿದ, ತಿರುಗಬಾರ್ದು ಅಂತ. ಮುಷ್ಟಿ ಬಿಡಿಸೋಕೆ ಎಷ್ಟು ಜನ ಬೇಕಾಯ್ತೋ. ಟೈಲರ್‌ಗಿಂತ ಮುಂಚೆ ಅವನನ್ನೇ ಮುಗಿಸಿದ್ರು. ಎಲ್ಲಾರನ್ನೂ ಒಂದೇ ಲಾರಿಗೆ ಹಾಕಿದ್ರು. ಎಲ್ಲಿಗೆ ಹೋಯ್ತು ಅಂತ ನನ್ನ ಕೇಳ್ಬೇಡ."

"ನೀವು ಎಲ್ಲಿ ನಿಂತಿದ್ರಿ?"

ಹೆಂಗಸು ತಲೆ ಎತ್ತಿ ನೋಡಿದಳು.

"ನಾನಾ? ನಾನು ಆವಾಗ ಊರಲ್ಲೇ ಇರಲಿಲ್ಲ" ಅಂದಳು.

ಕೀಲಿಯಕ್ಕ ಅಳಲಿಲ್ಲ, ಕಿರುಚಲಿಲ್ಲ. ಮೆಟ್ಟಿಲ ಮೇಲೆ ಕೂತು, ಚೀಲದಿಂದ ಹೊಸ ಕೀಲಿ ತೆಗೆದು, ಗೀರು ಹಾಕಿ ಅರ ಹಾಕತೊಡಗಿದಳು. ಯಾಕೆ ಅಂತ ನಾವು ಕೇಳಿದ್ದಕ್ಕೆ, "ಇನ್ನೇನು ಮಾಡ್ಲಿ? ಹೊಸದು ಕೊಡದೆ ಹಳೇದು ಬಿಟ್ಟುಕೊಡ್ತಿದ್ಳಾ?" ಅಂದಳು. ಗಂಡ ಪ್ರಾಣ ಕೊಟ್ಟು ಹಾಳು ಮಾಡಿದ ಕೀಲಿಯ ಜಾಗಕ್ಕೆ ಹೆಂಡತಿ ಕೂತು ಸರಿಯಾದದ್ದನ್ನು ಮಾಡಿದಳು. ಕಲ್ಲಿನ ಮೇಲೆ ಸುತ್ತಿಗೆಯ ಕಚ್ಚು ಇನ್ನೂ ಇತ್ತು, ಅವಳ ಕಾಲಿನ ಪಕ್ಕದಲ್ಲೇ. ಹೊಸ ಕೀಲಿ ಸಲೀಸಾಗಿ ತಿರುಗಿತು. ಹೆಂಗಸು ಒಳಗಿನಿಂದ ನೋಟು ತಂದಳು. ಇವಳು ಮುಟ್ಟಲಿಲ್ಲ. ಅಡ್ಡಗೀರು ಹಾಕದೆ ಹೊಸದನ್ನು ಹೊಸ್ತಿಲ ಮೇಲಿಟ್ಟು, ಹಳೆಯದನ್ನು ಮುಷ್ಟಿಯಲ್ಲಿ ಹಿಡಿದು ಬಂದುಬಿಟ್ಟಳು.

ಮೊದಲು ನಮ್ಮ ಡೇರೆಗೆ ಬಂದಳು. ಎಲ್ಲ ಹೇಳಿದಳು. ದೂರು ಕೊಡೋಣ ಅಂದೆವು. "ಕೊಡಿ. ಖಾಯಂ ವಿಳಾಸ ಏನಂತ ಬರೀತೀರ?" ಅಂದಳು. ಆಮೇಲೆ, "ಅದೆಲ್ಲ ಇರ್ಲಿ. ಮಾವನಿಗೆ ಏನು ಹೇಳ್ಲಿ, ಅದನ್ನ ಹೇಳಿ" ಅಂದಳು. ಮೈಕು ಸಿಕ್ಕರೆ ಸಾಕು ಗಂಟೆಗಟ್ಟಲೆ ಮಾತಾಡುವ ನಾವು ಚಾಪೆ ನೋಡುತ್ತಾ ಕೂತೆವು. ಕೂಗು ಆ ಮುದುಕ ಕಲಿಸಿದ್ದು. ಅವನಿಗೆ ಅವನ ಅಪ್ಪ ಕಲಿಸಿದ್ದು. ಕಳ್ಳರಲ್ಲ ಅಂತ ಒಳಗಿದ್ದವರಿಗೆ ತಿಳಿಸಲು ಇದ್ದ ಕೂಗೇ ಒಳಗಿದ್ದವರನ್ನು ಹಿಡಿದುಕೊಟ್ಟಿತ್ತು.

ಹೊತ್ತು ಇಳಿಯುತ್ತಿತ್ತು. ಬಾಯಿ ತೆರೆದ ಡೇರೆಯಲ್ಲಿ ನಡೆಯುವುದೆಲ್ಲ ನಮಗೆ ಕಾಣುತ್ತಿತ್ತು, ಕೇಳುತ್ತಿತ್ತು. ಅವಳು ಹೋಗಿ ಮುದುಕನ ಅಂಗೈಯಲ್ಲಿ ಕೀಲಿ ಇಟ್ಟಳು. ಅವನಿಗೆ ಕಣ್ಣು ಮಂಜು. ಹೆಬ್ಬೆರಳು ಎಡ ಅಂಚಿಗೆ ಹೋಯಿತು, ಗೀರು ಮುಟ್ಟಿತು, ಅಡ್ಡಗೀರು ಹುಡುಕಿತು, ಅಲ್ಲೇ ನಿಂತಿತು.

"ಇಲ್ವಾ?" ಅಂದ.

"ಇಲ್ಲ ಮಾವ."

ಮೈದುನನ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡಳು. ಮುದುಕ ಕೀಲಿಯ ಬಾಗನ್ನು ಸವರುತ್ತಾ ಕೂತ.

"ಯಾಕೆ ಬಗ್ಗಿಸಿದ?"

"ಅದು ಅವರ ಮನೆಯಲ್ಲ, ಬೇರೆಯವರದ್ದು ಕಬಳಿಸ್ತಿದಾರೆ ಅಂತ ಗೊತ್ತಾಯ್ತು ಅವನಿಗೆ."

"ಕೂಗಿದ್ನಾ?"

"ಕೂಗಿದ್ದ."

"ಒಳಗಿಂದ ಯಾರಾದ್ರೂ ಓಗೊಟ್ರಾ?"

"ಇಲ್ಲ ಮಾವ. ಖಾಲಿ ಮನೆ."

ಮುದುಕ ತಲೆ ಆಡಿಸಿದ. ಅವನ ಮುಖದಲ್ಲಿ ಅಂಥದ್ದೊಂದು ಕಳೆಯನ್ನು ಅಷ್ಟು ದಿನದಲ್ಲಿ ನಾವು ಕಂಡಿರಲಿಲ್ಲ. "ಚಿಕ್ಕವನಿದ್ದಾಗ ಒಂದು ಸಲ ಕೂಗದೆ ಬೀಗ ತೆಗೆದಿದ್ದ. ಕೆನ್ನೆಗೆ ಬಾರಿಸಿದ್ದೆ. ಅವತ್ತಿಂದ ಒಂದು ಸಲಾನೂ ಬಿಟ್ಟಿಲ್ಲ ನೋಡು. ಅಂಥ ಜನರ ಮಧ್ಯೇನೂ ಬಿಟ್ಟಿಲ್ಲ."

ಅರ ತರಿಸಿಕೊಂಡು, ಬೆರಳಿನ ಅಂದಾಜಿನಲ್ಲೇ ಅಡ್ಡಗೀರು ಹಾಕಿದ. ಅದೇ ಮಗನ ಮಣ್ಣು. ಮಣ್ಣು ಮಾಡಲು ಬೇರೆ ಏನೂ ಸಿಕ್ಕಿರಲಿಲ್ಲ. ಕೀಲಿಯನ್ನು ಬಳೆಗೆ ಪೋಣಿಸಿ ಸೊಸೆಯ ಕೈಗೆ ಕೊಟ್ಟ. ಆಮೇಲೆ ತಾನೇ ತಡಕಾಡುತ್ತಾ ಹೋಗಿ ಡೇರೆಯ ಬಾಯಿ ಮುಚ್ಚಿದ.

ಬೆಳಿಗ್ಗೆ ಗೂಟ ಕಿತ್ತರು. ದರ್ಜಿ ಹಾಕಿದ ಹೊಲಿಗೆಯ ಗೆರೆಗೆ ಸರಿಯಾಗಿ ಅವಳು ಕ್ಯಾನ್ವಾಸು ಮಡಿಸಿದಳು. ನಮ್ಮ ಬ್ಯಾನರ್ ವಾಪಸು ಕೊಡಲು ಬಂದಳು, ಬೇಡ ಇಟ್ಕೋ ಅಂದೆವು. ಗಾಡಿ ಹೊರಟಿತು. ಡಿಪೋದ ಗೇಟಿನ ಹತ್ತಿರ ಮುದುಕ ನಿಲ್ಲಿಸಿದ.

"ಬಳೆ ನಿನ್ನ ಹೆಗಲಿಗೆ ಬಂತು. ಇನ್ಮೇಲೆ ಬೀಗ ತೆಗೆಯೋದೂ ನೀನೇ. ಕೂಗೋದು ಕಲೀಬೇಕು ಮಗಳೇ. ನನ್ನ ಮುಂದೆ ಒಂದು ಸಲ ಕೂಗು ನೋಡೋಣ."

"ಆಮೇಲೆ ಮಾವ."

"ಈಗ್ಲೇ. ಅವನ ಥರ ಕೂಗು."

ಅವಳು ಡಿಪೋದ ಗೋಡೆಗೆ ಮುಖ ಮಾಡಿ ನಿಂತಳು. "ಮನೆಯವ್ರೇ" ಅಂದಳು, ನಮಗೆ ಅರ್ಧ ಮಾತ್ರ ಕೇಳಿಸಿತು. ಉಳಿದದ್ದಕ್ಕೆ ಬಾಯಿ ತೆರೆಯಿತು, ದನಿ ಬರಲಿಲ್ಲ. ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುದುಕ ಕಾಯುತ್ತಿದ್ದ.

"ಜೋರಾಗಿ" ಅಂದ. "ಒಳಗಿದ್ದವರಿಗೆ ಕೇಳಿಸ್ಬೇಕು."